ಹಾಲಿಗೆ ಹತ್ತಿದ ಮಾತು

ಬಣವೆಯ ಹಿಂದೆ ನಿಂತು ದ್ರೌಪದಿ ಮತ್ತೊಮ್ಮೆ ಮಗನಿಗೆ ಫೋನು ಹಚ್ಚಿದಳು. ಅಂಗಳದಲ್ಲಿ ಹೆಂಗಸರು ಕೆಂಪವ್ವನ ಮೈ ತೊಳೆದು, ಹಸಿರು ಸೀರೆ ಉಡಿಸಿ, ಗೋಡೆಗೆ ಆನಿಸಿ ಕೂರಿಸಿದ್ದರು. ಬಾಯಿ ತೆರೆದುಕೊಳ್ಳಬಾರದೆಂದು ಆ ಮನೆಯ ಸೊಸೆ, ಮಲಕಾರಿಯ ಹೆಂಡತಿ ಸುಜಾತಾ, ಗದ್ದದಿಂದ ನೆತ್ತಿಗೆ ಒಂದು ಬಿಳಿ ಬಟ್ಟೆ ಸುತ್ತಿ ಬಿಗಿಯುತ್ತಿದ್ದಳು. ಸತ್ತ ಮೇಲೂ ಆ ಬಾಯಿ ಕಟ್ಟುತ್ತಾರಲ್ಲ ಎಂದು ದ್ರೌಪದಿಗೆ ಅನ್ನಿಸಿತು.

"ಕಾಯ ಗ ಆಯಿ?" ಎಂದು ಮರಾಠಿಯಲ್ಲಿ ತಾಯಿಯನ್ನು ವಿಚಾರಿಸಿದ ಸಂಗ್ರಾಮ ಆ ಕಡೆಯಿಂದ.

"ಕೆಂಪವ್ವ ಹೋದಳೋ."

ಅದನ್ನು ಮುಂಜಾನೆಯೇ ಹೇಳಿದೆಯಲ್ಲ ಎಂದ, ಮರಾಠಿಯಲ್ಲೇ.

"ಹೊತ್ತು ಇಳಿಯೂದ್ರಾಗ ಮಣ್ಣು ಕೊಡ್ತಾರಂತ. ಗಾಡಿ ತಗೊಂಡು ಬಂದುಬಿಡು. ರಾಯಬಾಗ ಏನ್ ದೂರ? ಒಂದ ಹಿಡಿ ಮಣ್ಣು ಹಾಕಿ ಹೋಗು. ನಾ ಬೇಡಿಕೊಳ್ತೇನಿ, ಬಾ."

ಈ ಸಲ ಬಂದದ್ದು ಕನ್ನಡ. ಮನೆಯಲ್ಲಿ ಮರಾಠಿ ಆಡಿ ಬೆಳೆದ ಹುಡುಗನಿಗೆ ಸಿಟ್ಟು ಬಂದರೆ ಮಾತ್ರ ಕನ್ನಡ ಬರುತ್ತಿತ್ತು. ಅಪ್ಪ ಸಂಭಾಜಿ ಬದುಕಿದ್ದಾಗ, ಇವನಿಗೆ ಸಿಟ್ಟು ಯಾವ ಶಾಲೆಯಲ್ಲಿ ಕಲಿಸಿದರೋ ಎಂದು ನಗುತ್ತಿದ್ದ. ದ್ರೌಪದಿ ಮಾತ್ರ ನಗುತ್ತಿರಲಿಲ್ಲ.

"ಆ ಅಂಗಳಕ್ಕ ನಾ ಕಾಲು ಇಡಾಂಗಿಲ್ಲಂತ ಎಷ್ಟು ಸಲ ಹೇಳ್ಳಿ? ತನ್ನ ಲಗ್ನದಾಗ ಆ ಮಲಕಾರಿ ಜಾತಿ ಎತ್ತಿ ನನ್ನ ರಟ್ಟಿ ಹಿಡದು ಪಂಕ್ತಿಯಿಂದ ಎಬ್ಬಿಸಿದ. ಅವಂದು ಬಿಡು, ಅವ ಎಂಥವ ಅಂತ ಊರಿಗೇ ಗೊತ್ತೈತಿ. ಈ ಕೆಂಪವ್ವ ಎದುರಿಗೇ ಇದ್ಳು, ಸಾರಿನ ಸೌಟು ಹಿಡಕೊಂಡು. ನನ್ನ ಮಾರಿ ನೋಡಿದ್ಳು. ನೋಡಿ ತಿರುಗಿ ಹೋದ್ಳು. ಒಂದ ಮಾತು ಆಡಲಿಲ್ಲ ಆಯಿ. ದಿನಾ ನಿನ್ನ ಕೂಡ ಹೊಲದಾಗ ಕುಂತು ರೊಟ್ಟಿ ತಿಂದಾಕಿ. ಒಂದ ಮಾತು."

"ಆಕಿ ಬಾಯಿ ಬಿಟ್ಟಿದ್ರ..."

"ಬಿಟ್ಟಿದ್ರ ಏನಾಗ್ತಿತ್ತು?"

ಫೋನಿನಲ್ಲಿ ಯಾರೋ "ಏ ಸಂಗ್ರಾಮ, ಫ್ಯೂಜ್ ನೋಡೋ" ಎಂದು ಕೂಗಿದರು. ಅವನು ಲೈನ್‌ಮನ್, ಕರೆದಲ್ಲಿಗೆ ಹೋಗಬೇಕಾದವನು. ಕರೆ ಕಡಿದುಹೋಯಿತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅಂಗಳಕ್ಕೆ ಬಂದಳು. ಒಳಗೆ ಬಂದಳೆಂದರೆ ಎಷ್ಟು ಒಳಗೆ? ದನದ ಗೂಟದವರೆಗೆ. ಮೂವತ್ತು ವರ್ಷಕ್ಕೂ ಮೇಲೆ ಈ ಮನೆಯ ಹೊಲದಲ್ಲಿ ಕಬ್ಬಿನ ಕಳೆ ತೆಗೆದವಳಿಗೆ, ಕುರಿಹಟ್ಟಿಯ ಗೊಬ್ಬರ ಹೊತ್ತವಳಿಗೆ, ನಾಲ್ಕು ಮಂದಿಯ ಎದುರು ಆ ಗೂಟವೇ ಎಲ್ಲೆ. ಮಂದಿ ಇಲ್ಲದ ಹೊತ್ತಿನಲ್ಲಿ ಎಲ್ಲೆ ಎಲ್ಲಿತ್ತೆಂಬುದು ಅವಳಿಗೂ ಆ ಗೋಡೆಗೆ ಆನಿಕೊಂಡು ಕೂತವಳಿಗೂ ಗೊತ್ತು.

ಹೆಣದ ಹಣೆಗೆ ಬೀರದೇವರ ಅರಿಸಿನ ಭಂಡಾರ ಬಳಿದಿದ್ದರು. ಬಾಜೂ ಮನೆಯ ಸುಗಂಧಾ ಅತ್ತು ಸುಸ್ತಾಗಿ, ಈಗ ಮಾತಿಗೆ ಬಂದಿದ್ದಳು.

"ಏನ್ ಬಾಯಿ ಆಕಿದು! ಹ್ವಾದ ವರ್ಸ ನಮ್ಮ ಆಡು ಇವರ ಮೆಕ್ಕಿಜ್ವಾಳಕ್ಕ ಹೊಕ್ಕಿತ್ತು. ನನಗ ಕನ್ನಡದಾಗ ಬೈದ್ಳು, ಆಡಿಗೆ ಮರಾಠಿಯೊಳಗ ಬೈದ್ಳು."

"ಆಡು ಮರಾಠಿದೇನ ಬೇ?" ಎಂದಳು ಸುಜಾತಾ. ಅಳುತ್ತಿದ್ದ ಹೆಂಗಸರು ಸೆರಗಿನೊಳಗೆ ನಕ್ಕರು.

"ಅದರ ಮಾಲಕಿ ಮೀರಜದಾಕಿ ಇದ್ಳಲ್ಲ ಮೊದಲ, ಅದಕ್ಕ. ಇಕಾ, ಈ ದ್ರೌಪದಿ ಕೂಡ ಇದ್ದು ಇದ್ದು ಆಕಿಗೆ ಹತ್ತಿಬಿಟ್ಟಿತ್ತು. ಈಕಿಗೆ ಆಕೀದು ಹತ್ತಿತು, ಆಕಿಗೆ ಈಕೀದು. ಕಡೀಕ ಇಬ್ಬರೂ ಏನ್ ಮಾತಾಡ್ತಿದ್ರೋ, ಕನ್ನಡದವರಿಗೂ ತಿಳೀತಿದ್ದಿಲ್ಲ, ಮರಾಠಿಯವರಿಗೂ ತಿಳೀತಿದ್ದಿಲ್ಲ."

ಎಲ್ಲರೂ ದ್ರೌಪದಿಯ ಕಡೆ ನೋಡಿದರು. ಅವಳು ಗೂಟ ಹಿಡಿದುಕೊಂಡು ಕೂತಿದ್ದಳು. ನಗಬೇಕೆಂದು ತುಟಿ ತೆರೆದಳು; ನಗೆ ಬರಲಿಲ್ಲ.

*

ಹತ್ತು ಎಂಬ ಮಾತನ್ನು ಅವಳು ಕಲಿತದ್ದು ಈ ಮನೆಯಲ್ಲೇ, ಮುದುಕಿ ಗಂಗೂಬಾಯಿಯ ಬಾಯಿಂದ.

ಆಗ ದ್ರೌಪದಿ ನಿಪ್ಪಾಣಿ ಕಡೆಯಿಂದ ಮದುವೆಯಾಗಿ ಜುಗೂಳಕ್ಕೆ ಬಂದು ಎರಡನೇ ವರ್ಷ. ಕೃಷ್ಣೆಯ ದಂಡೆಯ ಈ ಊರಿನ ಕನ್ನಡ ಅವಳ ಕಿವಿಗೆ ಕಲ್ಲು ಉದುರಿದಂತೆ ಕೇಳುತ್ತಿತ್ತು. ಹಟ್ಟಿಯ ಕಸ ಹೊಡೆಯುತ್ತಿದ್ದ ಒಂದು ಬೆಳಿಗ್ಗೆ ಅವಳು ಕೆಂಪವ್ವನ ಅತ್ತೆ ಗಂಗೂಬಾಯಿ ಮಾಡುವುದನ್ನು ಕಂಡಳು. ಒಂದು ಕುರಿಯ ಮರಿ ಸತ್ತಿತ್ತು. ಇನ್ನೊಂದು ಮರಿಯ ತಾಯಿ ಸತ್ತಿತ್ತು. ಮುದುಕಿ ಸತ್ತ ಮರಿಯ ತೊಗಲು ಸುಲಿದು, ತಬ್ಬಲಿ ಮರಿಯ ಬೆನ್ನಿಗೆ ಹೊದಿಸಿ, ದಾರದಿಂದ ಕಟ್ಟಿ, ಕುರಿಯ ಮುಂದೆ ಬಿಟ್ಟಳು. ಕುರಿ ಮೂಸಿತು. ಹಾಯಿತು. ಮತ್ತೆ ಮೂಸಿತು. ಮರಿಯೂ ಹೆದರಿ ಹಿಂದೆ ಸರಿಯಿತು. ಮುದುಕಿ ಹಾಗೇ ಕುಕ್ಕರಗಾಲಲ್ಲಿ ಕೂತು ಕಾದಳು, ಪೂಜೆಗೆ ಕೂತವರ ಹಾಗೆ.

"ಏನ್ ಮಾಡ್ತೀರಿ ಆಯಿ?"

"ಮರಿ ಹಚ್ಚಾಕತ್ತೇನಿ. ಕುರಿ ಮರಿಗೆ ಹತ್ತಬೇಕು, ಮರಿ ಕುರಿಗೆ ಹತ್ತಬೇಕು. ಒಂದ ಕಡಿ ಹತ್ತಿ ಇನ್ನೊಂದ ಕಡಿ ಹತ್ತಲಿಲ್ಲಂದ್ರ, ಅದು ಹತ್ತಿದ್ದಲ್ಲ. ಎರಡೂ ಸಾಯ್ತಾವು."

ದ್ರೌಪದಿ ಆ ಮಾತನ್ನು ತನ್ನ ಭಾಷೆಯಲ್ಲಿ ಹುಡುಕಿದಳು. ಸಿಕ್ಕಿತು. ಲಾಗಣೆ. ಅಲ್ಲಿ ಬೆಂಕಿ ಲಾಗುತ್ತದೆ, ಇಲ್ಲಿ ಹತ್ತುತ್ತದೆ. ಅಲ್ಲಿ ನಿದ್ದೆ ಲಾಗುತ್ತದೆ, ಇಲ್ಲಿ ಹತ್ತುತ್ತದೆ. ಅಲ್ಲಿ ಮಾಡಲು ಲಾಗುತ್ತಾರೆ, ಇಲ್ಲಿ ಮಾಡಲು ಹತ್ತುತ್ತಾರೆ. ಎರಡು ನಾಡಿನ ಮಂದಿ ಒಂದೇ ಹೊಳೆಯ ನೀರು ಕುಡಿದು, ಯಾರಿಂದ ಯಾರು ಕಲಿತರೆಂದು ಮರೆತಿದ್ದರು. ಆ ದಿನದಿಂದ ಅವಳಿಗೆ ಈ ಊರಿನ ಕನ್ನಡ ಹೆದರಿಕೆ ಎನ್ನಿಸಲಿಲ್ಲ.

ಮುಂದಿನ ವರ್ಷ ಕೆಂಪವ್ವನಿಗೆ ಗಂಡು ಕೂಸು ಹುಟ್ಟಿತು, ಹದಿನೈದು ದಿನ ಇದ್ದು ಹೋಯಿತು. ಅದೇ ತಿಂಗಳು ದ್ರೌಪದಿಗೆ ಸಂಗ್ರಾಮ ಹುಟ್ಟಿದ್ದ. ಬಾಣಂತನದಲ್ಲೇ ವಿಷಮಜ್ವರ ಬಂದು ಅವಳ ಹಾಲು ಬತ್ತಿತು. ಆಡಿನ ಹಾಲು ಕೂಸಿಗೆ ಒಗ್ಗಲಿಲ್ಲ. ಜಾಲಿಯ ಕೊಂಬೆಗೆ ಕಟ್ಟಿದ ಜೋಳಿಗೆಯಲ್ಲಿ ಅದು ಅಳುವುದನ್ನೂ ಬಿಟ್ಟು ಮಲಗಿತ್ತು. ಅತ್ತ ಕೆಂಪವ್ವನ ಎದೆ ಹಾಲು ಕಟ್ಟಿ ಕಲ್ಲಾಗಿ, ಜ್ವರ ನೆತ್ತಿಗೇರಿ, ಅವಳು ಗೋಡೆಗೆ ಮುಖ ಮಾಡಿ ಮಲಗಿದವಳು ಹೊರಳುತ್ತಿರಲಿಲ್ಲ.

ಗಂಗೂಬಾಯಿ ಒಂದು ಮಧ್ಯಾಹ್ನ ಬದುವಿಗೆ ಬಂದು ಜೋಳಿಗೆಯಲ್ಲಿ ಇಣುಕಿದಳು. ಏನೂ ಕೇಳಲಿಲ್ಲ. ಕೂಸನ್ನು ಎತ್ತಿ ಕಂಬಳಿಯೊಳಗೆ ಮುಚ್ಚಿಕೊಂಡು ನಡೆದಳು. ದ್ರೌಪದಿ ಹಿಂದೆ ಓಡಿದಳು. ಹಿತ್ತಲಿನ ಬಾಗಿಲಿಂದ ಒಳಗೆ ಹೋದ ಮುದುಕಿ, ಸತ್ತ ಮೊಮ್ಮಗನ ಕುಂಚಿಗೆಯನ್ನು, ಇನ್ನೂ ಒಗೆಯದೆ ಇಟ್ಟಿದ್ದನ್ನು, ಸಂಗ್ರಾಮನ ತಲೆಗೆ ಕಟ್ಟಿ ಸೊಸೆಯ ಬೆನ್ನಿಗೆ ಹಚ್ಚಿ ಮಲಗಿಸಿದಳು.

"ನಂದಲ್ಲ ಅದು," ಎಂದಳು ಕೆಂಪವ್ವ ಗೋಡೆಗೆ. "ನಂದಲ್ಲ. ಒಯ್ರಿ."

ಆದರೆ ವಾಸನೆ ಬಂತು. ಅವಳು ಹೊರಳಿದಳು. ಕೂಗಿದ ಕೂಗಿಗೆ ಹಟ್ಟಿಯ ಕುರಿಗಳೆಲ್ಲ ಎದ್ದು ನಿಂತವು. ಕುಪ್ಪಸ ತಾನೇ ತೊಯ್ದಿತ್ತು. ಆದರೂ ಕೂಸು ಬಾಯಿ ಹಾಕಲಿಲ್ಲ. ಹೆತ್ತವಳ ಸುಳಿವು ಸಿಕ್ಕು ಬಾಗಿಲ ಕಡೆಗೇ ತಲೆ ತಿರುಗಿಸುತ್ತಿತ್ತು.

"ನೀ ಹೊರಗ ಹೋಗ," ಎಂದಳು ಮುದುಕಿ ದ್ರೌಪದಿಗೆ. "ನೀ ಇರೂತನಕ ಹತ್ತಾಂಗಿಲ್ಲ."

ದ್ರೌಪದಿ ಹಿತ್ತಲ ಬೇಲಿಯಾಚೆ ಕೂತಳು. ಒಳಗೆ ಅಳು. ಇನ್ನೊಂದು ಅಳು. ಆಮೇಲೆ ಎರಡೂ ಇಲ್ಲ. ಅವಳು ಎದ್ದು ಬಾಗಿಲಿಗೆ ಬಾಯಿಟ್ಟು ಪಿಸುಗುಟ್ಟಿದಳು: "ಲಾಗಲಾ?"

"ಹತ್ತಿತು," ಎಂದಳು ಕೆಂಪವ್ವ ಒಳಗಿಂದ. ಎಷ್ಟೋ ದಿನದ ಮೇಲೆ ಅವಳು ಆಡಿದ ನೆಟ್ಟಗಿನ ಮಾತು ಅದು.

ಅಂದು ಸಂಜೆ ಗಂಗೂಬಾಯಿ ದೇವರ ಮಾಡದಿಂದ ಭಂಡಾರದ ಚೀಲ ತಂದು ಇಬ್ಬರ ಮುಂದೆ ಇಟ್ಟಳು. ಕೂಸನ್ನು ತಂದ ಧೈರ್ಯವೂ ಅವಳದೇ, ಈ ಹೆದರಿಕೆಯೂ ಅವಳದೇ. "ನಮ್ಮ ಭಾವಕಿ ಮಂದಿಗೆ, ಕುಲದವರಿಗೆ ತಿಳದ್ರ ನಮ್ಮ ಮನಿ ಮುರೀತಾರ. ನಿನ್ನ ಗಂಡಗ ತಿಳದ್ರ, ಕದ್ದು ಕೊಟ್ಟ ಹಾಲು ಯಾಕ ಕುಡಿಸಿದಿ ಅಂತಾನ. ಹುಡುಗಗ ತಿಳದ್ರ ಅವ ಎಲ್ಲೂ ಸಲ್ಲಾಂಗಿಲ್ಲ. ಯಾರಿಗೂ ಹೇಳಾಂಗಿಲ್ಲಂತ ಭಂಡಾರ ಮುಟ್ಟಿ ಹೇಳ್ರಿ." ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡ ದ್ರೌಪದಿಯೂ ಆ ಹಳದಿ ಪುಡಿಯನ್ನು ಮುಟ್ಟಿದಳು. ಕೂಸು ಉಳಿದರೆ ಸಾಕಿತ್ತು ಅವಳಿಗೆ.

*

ಡೊಳ್ಳಿನವರು ಬಂದರು. ಮಾವಿನ ತೋಪಿನ ಆಚೆ ಹೊಲದಲ್ಲಿ ಕುಣಿ ತೋಡಿ ಮುಗಿಯಿತೆಂದು ಹೇಳಿಕಳಿಸಿದರು. ಮಲಕಾರಿ ಗಡಿಯಾರ ನೋಡುತ್ತ ಅಂಗಳದಲ್ಲಿ ಅಡ್ಡಾಡುತ್ತಿದ್ದ. ಅವನು ಕೆಂಪವ್ವನ ಮೈದುನನ ಮಗ. ಅವಳಿಗೆ ಮತ್ತೆ ಮಕ್ಕಳಾಗದ್ದರಿಂದ, ಕುಣಿಗೆ ಇಳಿಸುವಾಗ ತಲೆಯ ಕಡೆ ಹಿಡಿಯುವ ಮಗನ ಹಕ್ಕು ಅವನದು.

"ಯಾರ ಹಾದಿ ಕಾಯಾಕತ್ತೀರಿ? ಎತ್ತೂಣು," ಎಂದ.

"ಏ, ತಡಿ," ಎಂದ ಮಾಳಸಿದ್ದ.

ಕೆಂಪವ್ವನ ಗಂಡ ಮಾಳಸಿದ್ದ ಹೆಣದ ಪಕ್ಕ ಕಂಬಳಿ ಹಾಸಿ ಕೂತಿದ್ದ. ಕೈ ಮಾಡಿ ದ್ರೌಪದಿಯನ್ನು ಕರೆದ. ಗೂಟ ದಾಟಿ ಹೋಗಲೋ ಬೇಡವೋ ಎಂದು ಅವಳು ನಿಂತಳು. ಅವನೇ ಕೋಲೂರಿ ಎದ್ದು ಬಂದ.

"ಹುಡುಗ ಬರ್ತಾನೇನು?"

"ಬರಾಂಗಿಲ್ಲ ಅಂತಾನ್ರಿ."

"ಹೇಳಿದೇನು?" ಹಾಲಿನ ಸಂಗತಿ ಆ ಮನೆಯೊಳಗೆ ಅವನಿಗೊಬ್ಬನಿಗೆ ಗೊತ್ತಿತ್ತು.

"ಹೆಂಗ ಹೇಳ್ಳಿ ಅಣ್ಣಾ? ಮುಟ್ಟಿ ಹೇಳೇನಿ."

ಮುದುಕ ಬಾಗಿ ಅವಳ ಕಿವಿಯ ಹತ್ತಿರ ಬಂದ. ಬಾಯಿಂದ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. "ಆಣಿ ಇಡಿಸಿದಾಕಿ ಹೋದಳು, ಇಟ್ಟಾಕಿ ಹೋದಳು. ಇನ್ನ ಯಾರ ಮನಿ ಉಳಸಾಕ? ಮೂರು ದಿನ ನೀರು ಇಳೀಲಿಲ್ಲ ಆಕಿಗೆ. ಬರೇ ಬಾಗಿಲ ಕಡಿ ನೋಡಾಕಿ. ಯಾರು ಬೇಕ ಅಂದ್ರ ಹೆಸರು ಹೇಳವಲ್ಳು. ಹೆಸರು ಹೇಳಿದ್ರ ಎಲ್ಲಾ ಹೊರಗ ಬೀಳ್ತೈತಿ ಅಂತ ಸಾಯೂ ಹೊತ್ತಿನಾಗೂ ಹೆದರಿದ್ಳು. ನನ್ನ ಕೈ ಹಿಡಕೊಂಡು, ಹಲ್ಲು ಕಚ್ಚಿ ಹೋದ್ಳು."

"ಅಣ್ಣಾ, ಸಾಕ್ರಿ."

"ಅವ ಬರಲಿಲ್ಲಂದ್ರ ಆಕಿ ಬಂಜಿ ಅಂತ ಮಣ್ಣಾಗ್ತಾಳ. ನೋಡು, ನಿನಗ ಬಿಟ್ಟದ್ದು."

ದ್ರೌಪದಿ ಬಣವೆಯ ಹಿಂದಕ್ಕೆ ಓಡಿದಳು. ಮಗನ ನಂಬರು ಒತ್ತಿದಳು. ಹೇಳಿದರೆ ಮಗ ಏನಾಗುತ್ತಾನೆ? ಹೆತ್ತವಳೇ ಸುಳ್ಳಾಗುತ್ತಾಳೆ. ಹೇಳದಿದ್ದರೆ ಅವನು ನಾಳೆ ಒಂದು ದಿನ, ಯಾರದೋ ಬಾಯಿಂದ ತಿಳಿದು, ಯಾವ ಕುಣಿಯ ಮುಂದೆ ನಿಲ್ಲಬೇಕು? ಫೋನು ಎತ್ತಿದ ಸದ್ದು ಕೇಳಿದ್ದೇ ಅವಳು ನಿಲ್ಲದೆ ಹೇಳಿಬಿಟ್ಟಳು. ಮರಾಠಿಯಲ್ಲಿ ಸುರು ಮಾಡಿದ್ದು, ನಡುವೆ ಎಲ್ಲೋ ಕನ್ನಡವಾಯಿತು. ಹಾಲು, ಕುಂಚಿಗೆ, ಭಂಡಾರ, ಹಿತ್ತಲ ಬಾಗಿಲು, ಎಲ್ಲ.

"ನಿನಗ ಎದಿ ಕೊಟ್ಟಾಕಿ ಆಕಿ. ನಾ ಬರೇ ಹಡದಾಕಿ."

ಆ ಕಡೆ ಲಾರಿಯೊಂದು ಹಾದುಹೋದ ಸದ್ದು.

"ಸಂಗ್ರಾಮಾ? ಬಾಳಾ?"

ಫೋನು ಇಟ್ಟುಬಿಟ್ಟಿದ್ದ.

*

ಅವನು ಮೊದಲು ಆಡಿದ ಮಾತು ಆಯಿ ಅಲ್ಲ, ಅವ್ವ. ಹೊಲದ ನಡುವೆ, ಹತ್ತು ಮಂದಿ ಆಳುಗಳ ಎದುರು, ದ್ರೌಪದಿಯ ಸೊಂಟದಿಂದ ಜಾರಿ ಕೆಂಪವ್ವನ ಕಡೆ ಎರಡೂ ಕೈ ಚಾಚಿ, ಅವ್ವಾ ಎಂದಿತ್ತು ಕೂಸು. ಕಳೆ ತೆಗೆಯುತ್ತಿದ್ದವರು ತಲೆ ಎತ್ತಿದರು. ಒಬ್ಬಳು, "ಇದೇನ ಬೇ, ನಿಮ್ಮ ಕೂಸಿಗೆ ಕುರುಬರ ಮಾತು ಹತ್ತೇತಿ!" ಎಂದು ನಕ್ಕಳು.

ಅಂದು ಹಿತ್ತಲಲ್ಲಿ ಕೆಂಪವ್ವ ಬೇವಿನ ಎಲೆ ಅರೆದಳು. ದ್ರೌಪದಿ ನೋಡುತ್ತಿದ್ದಂತೆ ಆ ಹಸಿರನ್ನು ಎದೆಗೆ ಬಳಿದುಕೊಂಡು ಕೂಸನ್ನು ತೆಗೆದುಕೊಂಡಳು. ಅದು ಬಾಯಿ ಹಾಕಿತು, ಮುಖ ಕಿವಿಚಿತು, ಉಗುಳಿತು. ಮತ್ತೆ ಹಾಕಿತು. ಅವಳ ಮುಖವನ್ನೇ ನೋಡುತ್ತ ಅತ್ತಿತು, ನೀನೇ ಹೀಗೆ ಮಾಡಿದೆಯಾ ಎಂಬಂತೆ. ಕೆಂಪವ್ವ ಒಂದು ಮಾತೂ ಆಡದೆ ಕೂಸನ್ನು ದ್ರೌಪದಿಯ ಮಡಿಲಿಗೆ ಹಾಕಿ, ತಿರುಗಿ ಒಳಗೆ ಹೋದಳು.

ಮಲಕಾರಿಯ ಲಗ್ನದಲ್ಲಿ ಸೌಟು ಹಿಡಿದು ತಿರುಗಿ ಹೋದದ್ದೂ ಹಾಗೇ. ಆ ಬೆನ್ನನ್ನು ಕಂಡಾಗ ದ್ರೌಪದಿಗೆ ಗುರುತು ಸಿಕ್ಕಿತ್ತು. ಮಗನಿಗೆ ಹೇಗೆ ಸಿಗಬೇಕು?

*

ಹೆಣ ಎತ್ತಿದರು. ಡೊಳ್ಳಿನ ಹಿಂದೆ ಹಾಡಿಕೆಯವರು ಕಿವಿಗೆ ಕೈಯಿಟ್ಟು ದನಿ ಎತ್ತಿದರು. ಹಟ್ಟಿಯ ಹೊಸ್ತಿಲು ದಾಟ್ಯಾಳ ನಮ್ಮವ್ವ, ಹಿಂದ ತಿರುಗಿ ನೋಡವಲ್ಳು ಎಂದು ಒಬ್ಬ ಎತ್ತಿದರೆ ಉಳಿದವರು ಅದನ್ನೇ ಹಿಡಿದು ಎಳೆದರು. ದ್ರೌಪದಿ ಹೆಂಗಸರ ಸಾಲಿನ ಕಡೆಗೆ, ಸ್ವಲ್ಪ ಬಿಟ್ಟು, ರಸ್ತೆಯ ತಿರುವು ಕಾಣುವ ಹಾಗೆ ನಡೆದಳು. ಪ್ರತಿ ಮೋಟರ್‌ಸೈಕಲ್ಲಿನ ಸದ್ದಿಗೂ ಅವಳ ಕಾಲು ತಡೆಯುತ್ತಿತ್ತು. ಒಂದು ಹಾಲಿನವನದು. ಒಂದು ಉಗಾರಕ್ಕೆ ಹೋಗುವ ಯಾರದೋ. ಮುಂದೆ ಯಾವುದೂ ಇಲ್ಲ.

ಕುಣಿ ಆಳವಾಗಿಯೇ ತೋಡಿದ್ದರು. ಹೊಳೆ ಹತ್ತಿರವಿದ್ದುದರಿಂದ ತಳದ ಮಣ್ಣು ಕಪ್ಪಗೆ ತೇವವಾಗಿತ್ತು. ಹೆಣವನ್ನು ದಂಡೆಯ ಮೇಲೆ ಇಳಿಸಿದರು. ಕಾಲಿನ ಕಡೆ ಹಿಡಿಯಲು ಒಬ್ಬ ಇಳಿದ. ತಲೆಯ ಕಡೆಗೆ ಇಳಿಯಲು ಮಲಕಾರಿ ಧೋತರ ಮೇಲೆ ಕಟ್ಟಿದ.

ಆಗ ಬದುವಿನ ಮೇಲಿಂದ ಸಂಗ್ರಾಮ ಬಂದ. ಗಾಡಿಯನ್ನು ಕಬ್ಬಿನ ಸಾಲಿಗೆ ಕೆಡವಿ ಬಂದಿದ್ದ. ಖಾಕಿ ಅಂಗಿ ಬೆವರಿಗೆ ಮೈಗಂಟಿತ್ತು. ದ್ರೌಪದಿ ಅಡ್ಡ ಹೋಗಿ ಅವನ ತೋಳು ಹಿಡಿದಳು.

"ಯಾಕ ಹೇಳಿದಿ?" ಎಂದ ಅವನು, ಕನ್ನಡದಲ್ಲಿ, ಮೆಲ್ಲಗೆ. ಕೂಗಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು. "ಆಕಿ ಇದ್ದಾಗ ಯಾಕ ಹೇಳಲಿಲ್ಲ? ಈಗ ಯಾಕ ಹೇಳಿದಿ? ಇಷ್ಟು ವರ್ಷ ಆಕಿ ಮಾರಿ ಕಂಡ್ರ ಉಗುಳಿ ಹ್ವಾದೆ ನಾ. ಸಂತಿಯಾಗ ಎದುರು ಬಂದು ನಿಂತ್ರ ದಾಟಿ ಹ್ವಾದೆ. ಅದನ್ನೆಲ್ಲಾ ಈಗ ಎಲ್ಲಿ ಇಡ್ಲಿ? ಹೇಳು. ಎಲ್ಲಿ ಇಡ್ಲಿ?"

"ತಪ್ಪಾತು ಬಾಳಾ."

ಅವನು ತೋಳು ಬಿಡಿಸಿಕೊಂಡ. ಮಲಕಾರಿ ಇಳಿಯಲು ಕಾಲು ಚಾಚಿದ್ದ. ಅವನಿಗಿಂತ ಮೊದಲೇ ಸಂಗ್ರಾಮ ಕುಣಿಯೊಳಗೆ ಧುಮುಕಿದ. ಡೊಳ್ಳು ನಿಂತಿತು.

"ಏ! ಯಾರಿಗೆ ಕೇಳಿ ಇಳದಿ? ಮ್ಯಾಲ ಬಾರಲೇ!" ಮಲಕಾರಿಯ ದನಿ ಒಡೆಯಿತು. "ಯಾರ ಮಣ್ಣು, ಯಾರು ಹಿಡಿಯೂದು? ನೋಡಾಕತ್ತೀರೇನ್ರಿ ಎಲ್ಲಾರೂ?"

ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಸುಜಾತಾ ಗಂಡನ ಅಂಗಿ ಹಿಡಿದು ಜಗ್ಗಿದಳು. ಮಾಳಸಿದ್ದ ಕೋಲೂರಿಕೊಂಡು ಕುಣಿಯ ಅಂಚಿಗೆ ಬಂದ. ಕೆಳಗೆ ನಿಂತವನ ಮುಖವನ್ನು ಬಹಳ ಹೊತ್ತು ನೋಡಿದ.

"ತಲಿ ಕಡಿ ಅವನ ಕೈಯಾಗ ಕೊಡ್ರಿ," ಎಂದ.

"ದೊಡ್ಡಪ್ಪಾ, ಮಂದಿ ಏನಂದಾರು?" ಎಂದ ಮಲಕಾರಿ.

"ನನ್ನ ಹೇಣ್ತಿ ಮಣ್ಣದು. ನಾ ಹೇಳಾಕತ್ತೇನಿ. ಕೊಡ್ರಿ."

ಕೊಟ್ಟರು. ಸಂಗ್ರಾಮ ಎರಡೂ ಕೈ ಚಾಚಿ ತೆಗೆದುಕೊಂಡ. ಹೆಣ ಹಗುರವಾಗಿತ್ತು, ಮೂರು ದಿನದ ಉಪವಾಸದ್ದು. ಅದನ್ನು ಇಳಿಸುವಾಗ ಕೆಂಪವ್ವನ ತಲೆ ವಾಲಿ ಅವನ ಅಂಗಿಗೆ ಆನಿತು. ಖಾಕಿಯ ಮೇಲೆ ಭಂಡಾರ ಬಳಿಯಿತು. ಇಬ್ಬರೂ ಮೊಣಕಾಲೂರಿ ಅವಳನ್ನು ಹಸಿ ಮಣ್ಣಿನ ಮೇಲೆ ಮಲಗಿಸಿದರು. ಕಾಲಿನ ಕಡೆಯವನು ಕೈ ಝಾಡಿಸಿ, ಮೇಲಿನವರ ಕೈ ಹಿಡಿದು ಹೊರಗೆ ಬಂದ.

ಸಂಗ್ರಾಮ ಬರಲಿಲ್ಲ. ಅವಳ ತಲೆಯ ಕೆಳಗಿನ ತನ್ನ ಅಂಗೈಗಳನ್ನು ಅವನು ತೆಗೆದಿರಲಿಲ್ಲ. ಏನಾದರೂ ಕರೆಯಬೇಕೆಂದು ಅವನ ಬಾಯಿ ತೆರೆಯಿತು. ಅವನಿಗೆ ಬರುತ್ತಿದ್ದ ಎರಡು ಮಾತಿನಲ್ಲಿ ಯಾವುದೂ ಹೊರಗೆ ಬರಲಿಲ್ಲ.

ಮಂದಿ ಹಿಡಿ ಮಣ್ಣು ತೆಗೆದುಕೊಂಡು ಸುತ್ತ ನಿಂತಿದ್ದರು. ಅವನು ಮೇಲೆ ಬರುವ ತನಕ ಹಾಕುವಂತಿಲ್ಲ. ಹೊತ್ತು ಹೊಳೆಯಾಚೆ ಇಳಿಯುತ್ತಿತ್ತು. ಯಾರೋ ಕೆಮ್ಮಿದರು. ಮಲಕಾರಿ ಬೇರೆ ಕಡೆ ನೋಡುತ್ತ ನಿಂತ.

ದ್ರೌಪದಿ ಮಂದಿಯನ್ನು ಸರಿಸಿ ಕುಣಿಯ ಅಂಚಿನಲ್ಲಿ ಮಂಡಿಯೂರಿದಳು. ಯಾರೂ ತಡೆಯಲಿಲ್ಲ. ಹೊಟ್ಟೆಯ ಮೇಲೆ ಬೋರಲು ಬಿದ್ದು, ತೋಳು ಪೂರ್ತಿ ಕೆಳಗೆ ಚಾಚಿದಳು.

"ಹತ್ತೋ," ಎಂದಳು. "ಹತ್ತು, ನನ ಬಾಳಾ. ಹತ್ತಿ ಮ್ಯಾಲ ಬಾ."

ಅವನು ತಲೆ ಎತ್ತಲಿಲ್ಲ. ಸುತ್ತ ನಿಂತವರ ಮುಷ್ಟಿಗಳಿಂದ ಒಣ ಮಣ್ಣು ತಡೆಯಲಾರದೆ ಸಣ್ಣಗೆ ಉದುರುತ್ತಿತ್ತು, ಅವನ ಕೂದಲ ಮೇಲೆ, ಕೆಂಪವ್ವನ ಹಸಿರು ಸೀರೆಯ ಮೇಲೆ, ದ್ರೌಪದಿ ಚಾಚಿದ ಬರಿಗೈಯ ಮೇಲೆ.